ಮೈಲನಿಗೆ ಬೇಡವೆಂದ ಸೂಜಿ

ಸ್ಪಿರಿಟ್ಟಿನ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ಪಕ್ಕದ ಮನೆ ಸಾಕಮ್ಮನ ಕೊಟ್ಟಿಗೆಯಿಂದ ಆ ವಾಸನೆ ಬಂತು. ಅವಳ ಹಸುವಿನ ಗೊರಸಿನ ಸಂದಿಯಲ್ಲಿ ಕೀವು ಕಟ್ಟಿತ್ತು, ಕಾಲೂರುತ್ತಿರಲಿಲ್ಲ. ಡಾಕ್ಟ್ರು ಬಂದಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ, ಆದರೂ ಹೋದೆ. ಊರಲ್ಲಿ ಹಸು ಕರು ಹಾಕಿದರೂ ನಾನಿರಬೇಕು, ಜಗಳವಾದರೂ ನಾನಿರಬೇಕು. ಕೆಟ್ಟ ಚಾಳಿ.

ಕೊಯ್ಯುವುದಕ್ಕೆ ಮುಂಚೆ ಕಾಲು ಮರಗಟ್ಟಲಿ ಅಂತ ಡಾಕ್ಟ್ರು ಸೂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು. ಸಾಕಮ್ಮ ಅಡ್ಡ ನಿಂತಳು.

"ಅದೊಂದು ಬೇಡ ಸಾರ್. ಹಂಗೇ ಕೊಯ್ರಿ, ನಾವು ನಾಕ್ ಜನ ಹಗ್ಗ ಹಾಕಿ ಹಿಡ್ಕತೀವಿ. ಆ ಸೂಜಿ ಹಾಕಿಸ್ಕಂಡೇ ಈ ಅಕ್ಕನ ಮನೆ ಮೈಲ ಹೋಗ್ಬುಟ್ಟಿದ್ದು. ಬೇಕಾದ್ರೆ ಕೇಳಿ, ಇಲ್ಲೇ ಅವ್ಳೆ."

ಎಲ್ಲರೂ ನನ್ನ ಕಡೆ ತಿರುಗಿದರು.

ಮೈಲ ನಮ್ಮ ಜೋಡಿ ಎತ್ತಿನಲ್ಲಿ ಒಬ್ಬ. ಬೂದು ಬಣ್ಣ, ಮಹಾ ಕಳ್ಳ. ಯಜಮಾನರು ಕೂಗಿದರೆ ಎದ್ದು ಬರುತ್ತಿದ್ದ, ನಾನು ಕೂಗಿದರೆ ಒಂದು ಕಿವಿ ಮಾತ್ರ ತಿರುಗಿಸುತ್ತಿದ್ದ. ಯಜಮಾನರಿಗೆ ನನಗಿಂತ ಅವನ ಮೇಲೇ ಜೀವ. ತಪ್ಪೇನಿಲ್ಲ ಬಿಡಿ, ಅವನು ಎದುರು ಮಾತಾಡುತ್ತಿರಲಿಲ್ಲ.

ಅವನು ಸತ್ತ ವರ್ಷ ನಾಟಿ ಹೊತ್ತಿಗೆ ಕಾಲುವೆ ದಾಟುವಾಗ ಜಾರಿ ಹಿಂಗಾಲು ಎತ್ತಿಕೊಂಡ. ಯಜಮಾನರು ಹೆಗ್ಗದ್ದೆ ಊರಿಗೆ, ತಂಗಿ ಮನೆಗೆ ಹೋಗಿದ್ದರು. ನಾನೇ ಫೋನ್ ಮಾಡಿಸಿದೆ. ಸ್ಕೂಟರಿನಲ್ಲಿ ಡಾಕ್ಟ್ರಮ್ಮ ಬಂದಳು, ಚಿಕ್ಕ ವಯಸ್ಸು. ತೊಡೆ ತಡವಿ ನೋಡಿ, ಸೂಜಿ ಹಾಕಿ ಹೇಳಿದಳು.

"ಅಜ್ಜಿ, ಮೂಳೆ ಬಿರುಕು ಬಿಟ್ಟಂಗೆ ಕಾಣುತ್ತೆ. ಇದು ನೋವು ಗೊತ್ತಾಗದೆ ಇರ್ಲಿ ಅಂತ ಅಷ್ಟೆ, ವಾಸಿ ಮಾಡೋದಲ್ಲ. ನಾಳೆ ಚೆನ್ನಾಗೇ ನಡೀತಾನೆ, ನಂಬಬೇಡಿ. ನಾನು ಬಂದು ನೋಡೋವರೆಗೂ ಕೊಟ್ಟಿಗೆಯಿಂದ ಬಿಚ್ಚಬಾರದು."

"ಆಯ್ತು ಕಣವ್ವ" ಅಂದೆ.

ನಮ್ಮ ಕಡೆ ಮುಯ್ಯಾಳು ಅಂತ ಐತೆ. ನಾನು ಅವರ ಗದ್ದೆಗೆ ನಾಟಿಗೆ ಹೋದರೆ ಅವರು ನನ್ನ ಗದ್ದೆಗೆ ಬರಬೇಕು, ಕೂಲಿಯಿಲ್ಲ. ನಾಳಿದ್ದು ಹನ್ನೆರಡು ಹೆಂಗಸರು ಬರುವವರಿದ್ದರು. ನಮ್ಮ ಕೆಳಗಿನ ಗದ್ದೆ ಜೌಗು, ಟಿಲ್ಲರ್ ಇಳಿಸಿದರೆ ಹೂತುಕೊಳ್ಳುತ್ತದೆ. ಎತ್ತೇ ಆಗಬೇಕು. ಉತ್ತಿರದ ಗದ್ದೆಯ ಬದುವಿನ ಮೇಲೆ ಹನ್ನೆರಡು ಹೆಂಗಸರನ್ನು ನಿಲ್ಲಿಸಿ ನೋಡಿ, ಬಾಯಲ್ಲೇ ನಾಟಿ ಮಾಡಿ ಹೋಗುತ್ತಾರೆ.

ಬೆಳಿಗ್ಗೆ ಯಜಮಾನರು ಬಂದರು. ಮೈಲ ನಾಲ್ಕೂ ಕಾಲೂರಿ ನಿಂತಿದ್ದ.

"ಡಾಕ್ಟ್ರಮ್ಮ ಏನಂದ್ಲು?"

"ಏನಂತಾಳೆ? ಸೂಜಿ ಹಾಕಿದ್ಲು, ಹೋದ್ಲು. ನೋಡಿ, ಹೆಂಗೆ ಕುಣೀತಾವ್ನೆ."

ನೋವು ಹೋಯಿತು ಅಂದರೆ ಜಡ್ಡೂ ಹೋಯಿತು ಅಂತ ನಾನು ನಂಬಿದ್ದೆ ಅಂತ ಬರೆಯಬಹುದು. ಅರ್ಧ ನಂಬಿದ್ದೆ. ಇನ್ನರ್ಧಕ್ಕೆ ನಾಟಿ ಬೇಕಾಗಿತ್ತು.

ಯಜಮಾನರು ಅವನನ್ನು ಜೊತೆ ಎತ್ತಿನೊಂದಿಗೆ ನೇಗಿಲಿಗೆ ಕಟ್ಟಿದರು. ಮಧ್ಯಾಹ್ನದೊಳಗೆ ಕೆಸರಿನಲ್ಲಿ ಒಣ ಬಿದಿರು ಮುರಿದಂಗೆ ಸದ್ದಾಯಿತು.

ಹತ್ತು ಜನ ಬಿದಿರ ಗಳ ಕಟ್ಟಿ ಹೊತ್ತು ತಂದು ಅಂಗಳದಲ್ಲಿ ಮಲಗಿಸಿದರು. ಡಾಕ್ಟ್ರಮ್ಮ ಮತ್ತೆ ಬಂದಳು. ಯಜಮಾನರು ಊರ ಮುಂದೆ ಕೂಗಾಡಿದರು. "ನೇಗಿಲಿಗೆ ಕಟ್ಬೇಡಿ ಅಂತ ಒಂದ್ ಮಾತು ಹೇಳಾಕೆ ನಿಂಗೇನಾಗಿತ್ತವ್ವ?"

"ಅಜ್ಜಿಗೆ ಹೇಳಿದ್ದೆನಲ್ಲ."

"ನಂಗೇನೂ ಹೇಳ್ನಿಲ್ಲ" ಅಂದೆ.

ಆ ಹುಡುಗಿ ನನ್ನ ಮುಖ ನೋಡಿದಳು. "ಕಾಲು ಕೂಡಿಸೋಕೆ ಆಗಲ್ಲ. ಇರೋವರೆಗೆ ನೋವಾದ್ರೂ ತಿಳೀದಂಗೆ ಮಾಡ್ತೀನಿ, ಬಿಡಿ" ಅಂತ ಸೂಜಿ ತೆಗೆದಳು. ಯಜಮಾನರು ಅವಳ ಕೈ ತಳ್ಳಿದರು. "ಅದೇ ಸೂಜಿ ತಾನೆ? ಸಾಕು, ಹೋಗವ್ವ."

ಆಗಲೂ ನಾನು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ನಾಲ್ಕು ದಿನ ಬದುಕಿದ. ಎತ್ತು ಅಳುವುದಿಲ್ಲ, ಹಲ್ಲು ಕಡಿಯುತ್ತದೆ. ಒಲೆ ಮುಂದೆ ಕೂತರೂ ಕೇಳಿಸುತ್ತಿತ್ತು. ಯಜಮಾನರು ಬಿಸಿ ಗೋಣಿಯಿಂದ ಶಾಖ ಕೊಡುತ್ತಾ ಅವನ ಪಕ್ಕದಲ್ಲೇ ಕೂತಿದ್ದರು. ಉಳಿದ ಗದ್ದೆಯನ್ನು ಸಾಕಮ್ಮನ ಗಂಡ ತನ್ನ ಎತ್ತು ತಂದು ಉತ್ತ. ಮೊದಲೇ ಕೇಳಿದ್ದರೆ ಮೊದಲೇ ಬರುತ್ತಿದ್ದ. ನಾನು ಕೇಳಿರಲಿಲ್ಲ. ಹೆಂಗಸರು ಬಂದು ನಾಟಿ ಮಾಡಿದರು, ಅನ್ನ ಸಾರು ಬಡಿಸಿದೆ.

ಡಾಕ್ಟ್ರಮ್ಮನಿಗೆ ಬೇರೆ ಕಡೆಗೆ ವರ್ಗವಾಯಿತು. ಯಜಮಾನರು ಸಾಯುವವರೆಗೂ ಸೂಜಿಯನ್ನೇ ಬೈದರು. ಮರಗಟ್ಟಿಸುವುದು ಬೇರೆ, ನೋವು ಕಮ್ಮಿ ಮಾಡುವುದು ಬೇರೆ. ಊರ ಬಾಯಲ್ಲಿ ಎರಡೂ ಒಂದೇ ಆಗಿ ಎರಡೂ ನಿಂತುಹೋದವು. ಆಮೇಲೆ ಕೊಂಬು ಕೊಯ್ದರೂ ಗಡ್ಡೆ ಕೊಯ್ದರೂ ಹಗ್ಗವೇ. ಎಷ್ಟೋ ಕೊಟ್ಟಿಗೆಯಲ್ಲಿ ಆ ಹಗ್ಗ ನಾನೂ ಹಿಡಿದಿದ್ದೇನೆ.

ಮೊನ್ನೆ ಡಾಕ್ಟ್ರು ಸೂಜಿ ಹಿಡಿದುಕೊಂಡು ಕಾಯುತ್ತಿದ್ದರು.

"ಹಾಕಿಸು ಸಾಕಿ" ಅಂದೆ. "ಎತ್ತು ಬಿಚ್ಬೇಡಿ ಅಂತ ಆ ಡಾಕ್ಟ್ರಮ್ಮ ನಂಗೆ ಹೇಳಿದ್ಲು. ಹೇಳ್ನಿಲ್ಲ ಅಂತ ಸುಳ್ಳು ಹೇಳ್ದೋಳು ನಾನು. ಸೂಜಿದೇನೂ ತಪ್ಪಿಲ್ಲ."

ಅಡ್ಡ ನಿಂತಿದ್ದ ಸಾಕಮ್ಮ ಪಕ್ಕಕ್ಕೆ ಸರಿದಳು.

"ನಮ್ ಕೆಂದಿ ಕೊಂಬು ಕೊಯ್ದಾಗ ಮೂಗುದಾರ ಹಿಡ್ಕಂಡಿದ್ದೋಳು ನೀನೇ ಅಲ್ವೇನಕ್ಕ?"

"ಹೂಂ."

ಡಾಕ್ಟ್ರು ಸೂಜಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಕೊಯ್ದರು. ಬೊಗಸೆ ಕೀವು ಬಂತು. ಹಸು ಮೆಲುಕು ಹಾಕುತ್ತಲೇ ಇತ್ತು. ಹಗ್ಗ ಹಿಡಿಯಲು ಬಂದಿದ್ದವರು ಕೈ ಕಟ್ಟಿಕೊಂಡು ಅದರ ಬಾಯನ್ನೇ ನೋಡುತ್ತಿದ್ದರು.

ಆಮೇಲೆ ಎಲ್ಲರಿಗೂ ಕಾಫಿ ಬಂತು. ನನಗೆ ಬರಲಿಲ್ಲ. ಎದ್ದು ಮನೆಗೆ ಬಂದೆ.