‘ದಿಂದ’ ಅಲ್ಲಕ್ಕ, ‘ಕ್ಕೆ’

ದಾಕ್ಷಾಯಣಕ್ಕ, ಆ ದಿನ ಶೋರೂಮಿನಲ್ಲಿ ನಾಲ್ಕು ಜನರ ಮುಂದೆ ನಾನು ಹೇಳಿದ್ದು ಸುಳ್ಳು. ನೀವು ಕೇಳಿಸಿಕೊಂಡಿದ್ದೇ ಸರಿ. ಐದು ವರ್ಷದಿಂದ ಈ ಮಾತು ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಗುತ್ತಿದೆ — ಇವತ್ತು ಬರೆಯದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ.

ನಾನು ಅರಸೀಕೆರೆಯ ಕಾರು ಶೋರೂಮಿನ ರಿಸೆಪ್ಷನ್‌ನಲ್ಲಿ ಕೂರುವವಳು. ಹಬ್ಬದ ಆಫರ್ ಬಂದಾಗ ಆಟೋಗೆ ಮೈಕು ಕಟ್ಟಿ ಗಂಡಸಿ, ಬೇಲೂರು, ಹಳೇಬೀಡು ಸುತ್ತಿಸುತ್ತಾರಲ್ಲ, ಅದರೊಳಗಿನ ದನಿಯೂ ನನ್ನದೇ. ಹುಲಿಕೆರೆ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ನನ್ನನ್ನು ಮೊದಲ ಸಲ ಮೈಕಿನ ಮುಂದೆ ತಳ್ಳಿದವರು ನೀವು. ಪಕ್ಕದ ಮನೆಯ ಅಕ್ಕ, ನನಗಿಂತ ನಾಲ್ಕು ಕ್ಲಾಸು ಮುಂದೆ. ಹೆದರಬೇಡ, ಗಂಟಲು ಬಿಡು ಎಂದಿರಿ. ಬಿಟ್ಟೆ ನೋಡಿ, ಎಂಥ ಕೆಲಸಕ್ಕೆ!

ಆ ವರ್ಷ ಆಫರಿನ ಮಾತನ್ನು ಎರಡು ಸಲ ರೆಕಾರ್ಡ್ ಮಾಡಿದೆವು. ಮೊದಲನೆಯದರಲ್ಲಿ ನಾನು ‘ಕಾರಿನ ಬೆಲೆ ಕೇವಲ ಮೂರು ಲಕ್ಷ ತೊಂಬತ್ತೊಂಬತ್ತು ಸಾವಿರದಿಂದ’ ಎಂದು ಓದಿದ್ದೆ. ಅಂದರೆ ಅಲ್ಲಿಂದ ಶುರು. ಅದೂ ಎಸಿ ಇಲ್ಲದ ತೀರಾ ಕೆಳಗಿನ ಮಾಡೆಲ್ಲಿಗೆ. ತೆರಿಗೆ, ಇನ್ಶೂರೆನ್ಸ್, ನೋಂದಣಿ ಎಲ್ಲ ಬೇರೆ. ಮ್ಯಾನೇಜರ್ ಕೇಳಿ ಬೇಡವೆಂದು ತಲೆಯಾಡಿಸಿದರು.

“ದಿಂದ ಅಂದ್ರೆ ಜನ ಯೋಚ್ನೆ ಮಾಡ್ತಾರಮ್ಮ. ಕ್ಕೆ ಅಂದ್ರೆ ಬರ್ತಾರೆ.”

ನಾನು ನಕ್ಕೆ ಅಕ್ಕ. ಕೆಲಸ ಹೋಗುತ್ತದೆಂದು ಹೆದರಿ ಒಪ್ಪಿಕೊಂಡೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಎಂಥ ತಲೆ ಇವರದು ಎಂದು ಮೆಚ್ಚಿಕೊಂಡು, ‘ಮೂರು ಲಕ್ಷ ತೊಂಬತ್ತೊಂಬತ್ತು ಸಾವಿರಕ್ಕೆ ಕಾರು ನಿಮ್ಮ ಮನೆ ಬಾಗಿಲಿಗೆ’ ಎಂದು ಇನ್ನೊಂದು ಸಲ, ಇನ್ನೂ ಸೊಗಸಾಗಿ ಹೇಳಿದೆ. ಆಟೋದಲ್ಲಿ ಹೋಗಿದ್ದು ಇದೇ. ಮೊದಲನೆಯದನ್ನು ಅಳಿಸಬೇಡ, ಮುಂದೆ ಬೇಕಾಗಬಹುದು ಎಂದರು. ಯಾಕೆ ಎಂದು ಆಗ ಹೊಳೆಯಲಿಲ್ಲ — ಇಲ್ಲ, ಹೊಳೆದಿತ್ತು.

ಆಟೋ ಹಳೇಬೀಡಿನಲ್ಲಿ ನಿಮ್ಮ ಟೈಲರಿಂಗ್ ಅಂಗಡಿಯ ಮುಂದೆ ಹಾದಾಗ ನೀವು ಮೆಷಿನ್ ನಿಲ್ಲಿಸಿ ಕೇಳಿದಿರಂತೆ. ಶಿವಣ್ಣ ಭಾವನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹಾಸನಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಬರುವಾಗ ಅವರ ತಲೆಯನ್ನು ತೋಳಿಗೆ ಆನಿಸಿಕೊಂಡು ಬರುತ್ತಿದ್ದ ದಿನಗಳವು. ಕಾರಾದರೆ ನಾನು ಓಡಿಸುತ್ತೇನೆ ಎಂದು ನಿಮ್ಮ ಮೈದುನ ಹೇಳಿದ್ದ. ಹೇಳುತ್ತಿರುವವಳು ನಮ್ಮ ಮಂಗಳ, ಅವಳು ಸುಳ್ಳು ಹೇಳುವವಳಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ನೀವು ಹೇಳಿದ್ದು ಆಮೇಲೆ ತಿಳಿಯಿತು. ಬಳೆ ಮಾರಿ ಮುಂಗಡ ಕಟ್ಟಿದಿರಿ.

ಪೂರ್ತಿ ಬೆಲೆಯ ಚೀಟಿ ಕೈಗೆ ಬಂದ ದಿನ ನೀವು ಕೂಗಾಡಲಿಲ್ಲ. ಇದು ಆಟೋದಲ್ಲಿ ಹೇಳಿದ ಬೆಲೆಯಲ್ಲ, ಇಷ್ಟು ನಮ್ಮ ಕೈಲಾಗುವುದಿಲ್ಲ ಎಂದಿರಿ, ಅಷ್ಟೆ. ಮ್ಯಾನೇಜರ್ ನಗುತ್ತಲೇ ಮೊದಲಿನ ರೆಕಾರ್ಡಿಂಗ್ ಹಾಕಿ ಕೇಳಿಸಿದರು. ದಿಂದ, ದಿಂದ. ಮೈದುನ ನಿಮ್ಮ ಮುಖ ನೋಡಿದ. ನೀವು ನನ್ನ ಮುಖ ನೋಡಿದಿರಿ.

“ಮಂಗಳ, ನೀನೇ ಹೇಳೇ. ಕ್ಕೆ ಅಂದಿದ್ದೋ, ದಿಂದ ಅಂದಿದ್ದೋ?”

“ದಿಂದ ಅಂತ್ಲೇ ಅಂದಿದ್ದು ಅಕ್ಕ. ನಿಮ್ಗೆ ಸರಿಯಾಗಿ ಕೇಳ್ಸಿಲ್ಲ.”

ಥೂ! ಮೊದಲ ಮಾತಿಗೇ ನಿಲ್ಲಿಸಬಹುದಿತ್ತಲ್ಲ. ನಿಮಗೆ ಕೇಳಿಸಿಲ್ಲ ಎಂಬ ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ — ನಾನಾಗಿಯೇ ಸೇರಿಸಿದೆ.

ಬುಕಿಂಗ್ ರದ್ದಾಯಿತು, ಮುಂಗಡದಲ್ಲಿ ಅರ್ಧ ಹಿಡಿದುಕೊಂಡರು. ಭಾವ ಮಾರನೆಯ ವರ್ಷ ತೀರಿಕೊಂಡರು. ಕಾರಿದ್ದರೆ ಉಳಿಯುತ್ತಿದ್ದರು ಎಂದು ಹೇಳಲಾರೆ. ಆದರೆ ಆ ಮೈಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಲ್ಲುವುದಾದರೂ… ಸಾವಿಗೆ ಬಂದು ನಿಮ್ಮ ಪಕ್ಕ ಕೂತು ಅತ್ತೆನಲ್ಲ, ಆಗಲೂ ಬಾಯಿ ಬಿಡಲಿಲ್ಲ.

ಹೋದ ವಾರ ರವಿಕೆ ಹೊಲಿಸಲು ಬಂದಿದ್ದೆ. ತೋಳಿನ ಅಳತೆ ಹೇಳಿದರೆ ಮೂರು ಸಲ ಕೇಳಿದಿರಿ. ಆಮೇಲೆ ಚೀಟಿ, ಪೆನ್ನು ನನ್ನ ಮುಂದೆ ಇಟ್ಟಿರಿ.

“ಬರ್ಕೊಟ್ಬಿಡೇ. ನನ್ ಕಿವಿ ನಂಬಂಗಿಲ್ಲ.”

ಡಾಕ್ಟರು ಪರೀಕ್ಷೆ ಮಾಡಿ ಕಿವಿಗೆ ಏನೂ ಆಗಿಲ್ಲ ಎಂದರಂತೆ. ಅವರಿಗೇನು ಗೊತ್ತು ಎಂದು ನೀವೇ ನಕ್ಕಿರಿ. ಅತ್ತಿಗೆಗೆ ‘ದಿಂದ’ ಕೇಳಿಸುವುದಿಲ್ಲ ಎನ್ನುವುದು ಈಗ ನಿಮ್ಮ ಮನೆಯಲ್ಲಿ ತಮಾಷೆಯ ಮಾತಾಗಿದೆ. ಅಳತೆ ತಪ್ಪಿ ಯಾರದಾದರೂ ಬಟ್ಟೆ ಹಾಳಾದೀತೆಂದು ಈ ತಿಂಗಳಿಗೆ ಅಂಗಡಿ ಮುಚ್ಚುತ್ತೇನೆ ಎಂದಿರಿ. ಇಪ್ಪತ್ತು ವರ್ಷ ಒಂದು ಅಳತೆಯನ್ನೂ ಬರೆದುಕೊಳ್ಳದೆ ಹೊಲಿದವರು! ನಾನು ಚೀಟಿಯಲ್ಲಿ ತೋಳಿನ ಅಳತೆ ಬರೆದೆ. ಬೇರೆ ಏನೂ ಬರೆಯಲಾಗದೆ ಬಸ್ಸು ಹತ್ತಿದೆ.

ಎರಡನೆಯ ರೆಕಾರ್ಡಿಂಗ್ ಇನ್ನೂ ನನ್ನ ಹತ್ತಿರ ಇದೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಮೈದುನನನ್ನೂ ಕೂರಿಸಿ ಕೇಳಿಸುತ್ತೇನೆ, ಆಮೇಲೆ ಶೋರೂಮಿನವರು ಏನು ಬೇಕಾದರೂ ಮಾಡಿಕೊಳ್ಳಲಿ. ನೀವು ಕ್ಷಮಿಸಬೇಡಿ. ನನ್ನ ಮುಖ ನೋಡದಿದ್ದರೂ ಸರಿ, ಅಂಗಡಿ ಮಾತ್ರ ಮುಚ್ಚಬೇಡಿ, ನಿಮ್ಮ ಕಾಲು ಹಿಡಿದುಕೊಳ್ಳುತ್ತೇನೆ.

ಈ ಕಾಗದವನ್ನು ನಿಮಗೆ ಕೊಡುವುದಿಲ್ಲ. ಬರೆದುಕೊಡು ಎಂದರೂ ಕೊಡುವುದಿಲ್ಲ. ನಿಮ್ಮ ಎದುರು ನಿಂತು, ಮೈಕಿಲ್ಲದೆ, ಬಾಯಲ್ಲೇ ಹೇಳುತ್ತೇನೆ. ನೀವು ಕಿವಿಯಲ್ಲೇ ಕೇಳಿಸಿಕೊಳ್ಳಬೇಕು.