ಶಂಕರಲಿಂಗನ ಹನ್ನೊಂದನೇ ಚಾನೆಲ್

ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಆಫೀಸಿನಲ್ಲಿ ಧಾರವಾಡದ ಶಂಕರಲಿಂಗ ನಾಲ್ಕು ವರ್ಷ ಲ್ಯಾಪ್‌ಟಾಪ್ ಹಿಡಿದು ಮಹಡಿ ಮಹಡಿ ಅಲೆದು, ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರದಂತೆ ಪ್ರತಿ ವೈಫೈ ಡಬ್ಬಿಯ ಚಾನೆಲ್ಲು, ಪವರ್ರು ಎರಡನ್ನೂ ಕೈಯಾರೆ ಹೊಂದಿಸಿದ್ದ. ಅವನಿಗೆ ಯಾರೂ ಒಂದು ಸಿಂಗಾಡಾ, ಅಂದರೆ ಅಲ್ಲಿನ ಸಮೋಸಾ, ಕೂಡ ಕೊಡಿಸಿರಲಿಲ್ಲ. 2008ರಲ್ಲಿ ಬೆಂಗಳೂರಿನಿಂದ ಬಂದ ಸ್ಫೂರ್ತಿ ಎಲ್ಲವನ್ನೂ ‘ಆಟೊ’ಗೆ ಹಾಕಿದಳು, ಡಬ್ಬಿಗಳು ತಮ್ಮತಮ್ಮಲ್ಲೇ ಹೊಂದಿಕೊಂಡವು. ಸಾಹೇಬರು ಅವಳಿಗೆ ಸಂದೇಶ್ ಮಿಠಾಯಿ ತರಿಸಿದರು. ಶಂಕರಲಿಂಗನ ಹೊಟ್ಟೆಗೆ ಬೆಂಕಿ ಬಿತ್ತು.

ಅವಳ ಮಾನ ಕಳೆಯಲೆಂದೇ ಒಂದು ಡಬ್ಬಿಯನ್ನು ಹನ್ನೊಂದನೇ ಚಾನೆಲ್ಲಿಗೆ, ಪೂರ್ತಿ ಪವರಿಗೆ ಕಟ್ಟಿಹಾಕಿ, ದೂರು ಬರಲೆಂದು ಕಾದ. ವಾರವಾದರೂ ಒಂದೂ ಬರಲಿಲ್ಲ.

“ಏನವಾ, ಎಲ್ಲಾ ಬರೋಬ್ಬರಿ ಐತೇನು?” ಎಂದು ಅವಳನ್ನೇ ಕೇಳಿದ.

“ಒಂದು ಮಾತ್ರ ಒಂದೇ ಸಮ ಕಿರುಚ್ತಿದೆ ಸರ್,” ಸ್ಫೂರ್ತಿ ತೆರೆಯಿಂದ ಕಣ್ಣು ತೆಗೆಯದೆ ಅಂದಳು. “ಉಳಿದವೆಲ್ಲ ದನಿ ತಗ್ಗಿಸಿ, ದೂರ ಸರಿದು, ತಮ್ಮ ಕೆಲಸ ಮಾಡ್ಕೊಂಡಿವೆ.”