ಟೈಲರಕ್ಕ ಕರೆದ ನೀರುಕೋಳಿ

ನಮ್ಮ ಭಾನುವಾರದ ಹಕ್ಕಿ ನೋಡುವ ಗುಂಪಿನಲ್ಲಿ ಟೈಲರಕ್ಕನ ಬಾಯಿ ಅವಳ ಹೊಲಿಗೆ ಯಂತ್ರಕ್ಕಿಂತ ಜೋರು. "ಸ್ವಲ್ಪ ಬಾಯಿಗೆ ಬೀಗ ಹಾಕ್ಕೋ ಅಕ್ಕಾ, ಹಕ್ಕಿ ಹಾರಿಹೋಗುತ್ತೆ" ಎಂದು ನಾನು ರೇಗಿದರೆ, "ನಿನ್ನ ಮುಖ ನೋಡೇ ಹಾರಿಹೋಯ್ತು ಬಿಡು" ಎನ್ನುವಳು.

ಜವುಗು ಕೆರೆಯಂಚಿನ ಕಟ್ಟಡದಲ್ಲಿ ಅವಳದು ಒಂದೇ ಕೋಣೆ. ಹೊಲಿಗೆ ಯಂತ್ರದ ಪಕ್ಕದಲ್ಲೇ ಲಕ್ವ ಹೊಡೆದ ಗಂಡನ ಮಂಚ. ಅವರಿಗೆ ಮಾತು ಹೋಗಿತ್ತು. ಇವಳು ಎಷ್ಟು ಕರೆದರೂ ಕತ್ತು ಅಲುಗದು. ಆದರೆ ಕಿಟಕಿಯಾಚೆ ಜೊಂಡಿನಲ್ಲಿ ನೀರುಕೋಳಿ ಕೂಗಿದರೆ ಮೆಲ್ಲಗೆ ಆ ಕಡೆ ತಿರುಗುವರು. ಅಷ್ಟನ್ನೇ ನೆಚ್ಚಿಕೊಂಡು ಅಕ್ಕ ಬದುಕಿದ್ದಳು. ಆ ಕೂಗನ್ನು ಫೋನಿನಲ್ಲಿ ಹಿಡಿದು ಕೇಳಿಸಿಯೂ ನೋಡಿದ್ದಳು. ಪುಣ್ಯಾತ್ಮ ಅದಕ್ಕೆ ಮೋಸಹೋಗಲಿಲ್ಲ.

ಕೆರೆ ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರೆಂದು ತಿಳಿದಾಗ ಅವಳಿಗೆ ದಿಕ್ಕೇ ತೋಚಲಿಲ್ಲ. ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಕೊನೆಗೆ ಒಬ್ಬ ಅಧಿಕಾರಿ, "ಮೊಟ್ಟೆ ಇರೋ ಗೂಡು ತೋರಿಸಿ, ಕೆಲಸ ನಿಲ್ಲಿಸ್ತೀನಿ. ಇಲ್ದಿದ್ರೆ ಸೋಮವಾರಾನೇ ಲಾರಿ ಬರ್ತವೆ" ಎಂದು ಭಾನುವಾರ ನಮ್ಮ ಜೊತೆ ನಡೆಯಲು ಬಂದರು.

ಗೂಡು ಆ ಜೊಂಡಿನಲ್ಲೇ ಇದೆಯೆಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಕಾದೆವು. ಯಾವುದೂ ಮಿಸುಕಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡು ಕಾರಿನ ಕಡೆ ತಿರುಗಿದರು.

ಹಕ್ಕಿ ನೋಡುವವರಲ್ಲಿ ಒಂದು ಕಟ್ಟಳೆಯಿದೆ. ಮೊಟ್ಟೆಯಿಡುವ ಕಾಲದಲ್ಲಿ ಹಕ್ಕಿಗೆ ಅದರದೇ ಜಾತಿಯ ಕೂಗು ಕೇಳಿಸಬಾರದು. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿತೆಂದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಅಕ್ಕನಿಗೂ ಇದು ಗೊತ್ತು. ಆದರೂ ಫೋನ್ ತೆಗೆದಳು. "ಬೇಡ ಕಣಮ್ಮಾ" ಎಂದು ಗುಂಪಿನ ಹಿರಿಯರಾದ ಮೇಷ್ಟ್ರು ತಡೆದರು.

"ಒಂದೇ ಸಲ ಸಾರ್, ಬಿಡಿ!" ಎಂದು ಕೊಸರಿಕೊಂಡು ಒತ್ತಿಯೇಬಿಟ್ಟಳು.

ನೀರುಕೋಳಿ ಜೊಂಡು ಸೀಳಿಕೊಂಡು ಹೊರಗೆ ಓಡಿಬಂತು. "ನೋಡಿ ಸಾರ್, ಅಲ್ಲೇ ಗೂಡು!" ಎಂದು ಅಕ್ಕ ಅದು ಬಂದ ಜಾಗದತ್ತ ಕೈ ಮಾಡಿದಳು. ಅಷ್ಟರಲ್ಲಿ ಅಲ್ಲಿಗೆ ಕಾಗೆಗಳು ಇಳಿದಿದ್ದವು. ನಾವು ಕಿರುಚಿದೆವು, ಮಣ್ಣುಹೆಂಟೆ ಎಸೆದೆವು. ಅಕ್ಕ ಸೊಂಟದ ತನಕ ಕೆಸರಿನಲ್ಲಿ ಇಳಿದು ಹೋದಳು. ಗೂಡಿನಲ್ಲಿ ಚಿಪ್ಪಿನ ಚೂರು ಮಾತ್ರ ಉಳಿದಿತ್ತು.

"ಮೊಟ್ಟೆ ಇದ್ವಲ್ಲ ಸಾರ್, ಕಾಗೆ ಒಯ್ದಿದ್ದು ನೀವೂ ನೋಡಿದ್ರಲ್ಲ!"

"ನೋಡಿದೆ. ಈಗ ನಿಲ್ಸೋಕೆ ಏನು ಉಳೀತಮ್ಮ?" ಎಂದರು ಅಧಿಕಾರಿ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಲಾರಿಗಳು ಜೊಂಡಿನ ಮೇಲೆ ಮಣ್ಣು ಸುರಿದವು. ಸಂಜೆ ಅವಳ ಮನೆಗೆ ಹೋದೆ. ಗಂಡ ತಾವಾಗಿಯೇ ಕಿಟಕಿಯತ್ತ ಮುಖ ಮಾಡಿ ಮಲಗಿದ್ದರು. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಬಂದದ್ದೂ ಅವಳಿಗೆ ತಿಳಿಯಲಿಲ್ಲ.

"ಅದು ಇನ್ನು ಕೂಗಲ್ಲ ರೀ" ಎನ್ನುತ್ತಿದ್ದಳು. "ಈ ಕಡೆ ತಿರುಗಿ. ಒಂದೇ ಒಂದು ಸಲ ನನ್ನ ಕಡೆ ತಿರುಗಿ."

ಅವರು ಕಿಟಕಿಯನ್ನೇ ನೋಡುತ್ತಿದ್ದರು.